ಹಳೇ ಫೋರ್ ವೀಲ್ ಡ್ರೈವ್ ಪಿಕಪ್‌ಗೆ ಮನೆಯಲ್ಲೇ ಮರುಜೀವ: ಸಮಗ್ರ ಮಾರ್ಗದರ್ಶಿ

ಹಳೇ ಪಿಕಪ್ ಮನೆಗೆ ಬಂದ ದಿನ ಕೈ ಸುಮ್ನೆ ಇರುವುದಿಲ್ಲ. ಸ್ಪಾನರ್ ಹಿಡಿದು ಎಲ್ಲ ಬಿಚ್ಚಿ ಹಾಕಬೇಕು ಅನ್ನಿಸುತ್ತದೆ. ನಾನೂ ಹಾಗೇ ಮಾಡಿದ್ದೆ. ಒಂದೇ ವಾರದಲ್ಲಿ ಬಾಗಿಲು, ಬಾನೆಟ್, ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಕೆಳಗಿಳಿದವು. ಮುಂದಿನ 14 ತಿಂಗಳು ಆ ಗಾಡಿ ಒಂದಿಂಚೂ ಅಲುಗಲಿಲ್ಲ. ಯಾವ ಬೋಲ್ಟ್ ಎಲ್ಲಿಯದು ಅನ್ನುವುದೇ ಮರೆತುಹೋಗಿತ್ತು. ಕೊನೆಗೆ ಡಬ್ಬಗಳ ಸಮೇತ ಬೇರೆಯವರಿಗೆ ಕೊಟ್ಟೆ.

ಎರಡನೇ ಗಾಡಿಗೆ ಬೇರೆ ಕ್ರಮ ಹಿಡಿದೆ. ಮೊದಲು ಗಾಡಿ ನಿಲ್ಲಬೇಕು, ಅಂದರೆ ಬ್ರೇಕ್. ಆಮೇಲೆ ಹೇಳಿದ ಕಡೆ ತಿರುಗಬೇಕು. ಆಮೇಲೆ ಓಡಬೇಕು. ಚಂದ ಕಾಣುವುದು ಎಲ್ಲಕ್ಕಿಂತ ಕೊನೆಗೆ. ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಬೇಕು. ಅದು ಸರಿಯಾಗಿ ವಾಪಸ್ ಕೂತ ಮೇಲೆ ಮುಂದಿನದಕ್ಕೆ ಕೈ ಹಾಕಬೇಕು. ಈ ಬರಹ ಆ ಕ್ರಮದಲ್ಲೇ ಸಾಗುತ್ತದೆ.

ಮೊದಲು ಚಾಸಿ ನೋಡಿ

ಪಿಕಪ್‌ನ ಚಾಸಿ ಏಣಿಯ ಹಾಗಿರುತ್ತದೆ. ಎರಡು ಉದ್ದನೆ ತೊಲೆ, ನಡುವೆ ಅಡ್ಡಪಟ್ಟಿಗಳು. ಬಾಡಿ, ಎಂಜಿನ್, ಎಕ್ಸಲ್ ಎಲ್ಲ ಅದನ್ನೇ ಹಿಡಿದುಕೊಂಡಿರುತ್ತವೆ. ಎಂಜಿನ್ ಕೆಟ್ಟರೆ ಇನ್ನೊಂದು ಹುಡುಕಬಹುದು. ಚಾಸಿ ಕೊಳೆತಿದ್ದರೆ ಮಾತ್ರ ಅಲ್ಲೇ ನಿಂತು ಯೋಚನೆ ಮಾಡಿ.

ಒಂದು ಸಣ್ಣ ಸುತ್ತಿಗೆ ಹಿಡಿದು ಕೆಳಗೆ ಮಲಗಿ. ತೊಲೆಯ ಉದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತುಕ್ಕು ತಿಂದ ಜಾಗದಲ್ಲಿ ಡಬ್ ಅಂತ ಸತ್ತ ಸದ್ದು ಬರುತ್ತದೆ. ಸದ್ದು ಸತ್ತ ಕಡೆ ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ. ಒಳಗೆ ಹೋದರೆ ಉತ್ತರ ಸಿಕ್ಕ ಹಾಗೆ. ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್‌ಗಳ ಸುತ್ತ, ಹಿಂದಿನ ಎಕ್ಸಲ್ ಮೇಲೆ ತೊಲೆ ಬಾಗಿರುವ ಕಡೆ, ಮುಂದಿನ ಚಕ್ರಗಳ ಹಿಂಭಾಗ, ಬಾಡಿ ಕೂರುವ ರಬ್ಬರ್‌ಗಳ ಕೆಳಗೆ, ಇಷ್ಟು ಕಡೆ ಜಾಸ್ತಿ ಹೊತ್ತು ಕಳೆಯಿರಿ. ಪೆಟ್ಟಿಗೆಯಂತೆ ಮುಚ್ಚಿದ ತೊಲೆಯೊಳಗೆ ಕೆಸರು ಸೇರಿ ತೇವ ಹಿಡಿದಿಡುತ್ತದೆ. ಹಾಗಾಗಿ ಅದು ಒಳಗಿನಿಂದಲೇ ಕೊಳೆಯುತ್ತದೆ, ಹೊರಗೆ ಬಣ್ಣ ನೆಟ್ಟಗೇ ಇರುತ್ತದೆ. ಇತ್ತೀಚೆಗೆ ದಪ್ಪಗೆ ಬಳಿದ ಕಪ್ಪು ಬಣ್ಣ ಕಂಡರೆ ಖುಷಿಪಡಬೇಡಿ, ಅನುಮಾನಪಡಿ.

ಆಮೇಲೆ ಅಳತೆ ಟೇಪ್. ಎಡ ಮುಂದಿನ ಒಂದು ಬೋಲ್ಟ್‌ನಿಂದ ಬಲ ಹಿಂದಿನ ಬೋಲ್ಟ್‌ಗೆ, ಬಲ ಮುಂದಿನಿಂದ ಎಡ ಹಿಂದಕ್ಕೆ ಅಡ್ಡಡ್ಡ ಅಳೆಯಿರಿ. ಎರಡೂ ಸಮ ಬರಬೇಕು. ಬೆರಳಗಲ ವ್ಯತ್ಯಾಸ ಬಂದರೆ ಗಾಡಿ ಎಲ್ಲೋ ಗಟ್ಟಿಯಾಗಿ ಗುದ್ದಿಸಿಕೊಂಡಿದೆ ಅಂತ ಲೆಕ್ಕ.

ಕೆಳಗೆ ನುಗ್ಗುವ ಮುಂಚೆ

ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕೆ ಸ್ಟ್ಯಾಂಡ್ ಬೇಕು. ಗಟ್ಟಿ ನೆಲ, ತೂಕಕ್ಕೆ ತಕ್ಕ ಸ್ಟ್ಯಾಂಡ್, ಉಳಿದ ಚಕ್ರಗಳಿಗೆ ಅಡ್ಡಗಟ್ಟೆ, ಇಷ್ಟೂ ಇರಲಿ. ಸಿಮೆಂಟ್ ಬ್ಲಾಕ್ ಮೇಲೆ ಗಾಡಿ ನಿಲ್ಲಿಸಲೇಬೇಡಿ. ಅದು ಬಾಗುವುದಿಲ್ಲ, ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಗೇ ಪುಡಿಯಾಗುತ್ತದೆ.

ಹಳೇ ಫೋರ್ ವೀಲ್ ಗಾಡಿಗಳಲ್ಲಿ ಒಂದು ಗುಟ್ಟಿದೆ. ಕೆಲವು ಮಾಡೆಲ್‌ಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೆ ಇರುವುದಿಲ್ಲ. ಗೇರ್‌ಬಾಕ್ಸ್‌ನ ಶಕ್ತಿಯನ್ನು ಮುಂದಿನ, ಹಿಂದಿನ ಎಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಹಿಂದೆ, ಆ ಶಕ್ತಿಯನ್ನು ಎಕ್ಸಲ್‌ಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಮೇಲೆ ಒಂದು ಬ್ರೇಕ್ ಡ್ರಮ್ ಇರುತ್ತದೆ. ಶಾಫ್ಟ್ ನಿಂತೇ ಇದ್ದರೂ, ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಡಿಫರೆನ್ಷಿಯಲ್ (ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಆ ಚಕ್ರವನ್ನು ಹಿಂದಕ್ಕೆ ತಿರುಗಲು ಬಿಡುತ್ತದೆ. ನೆಲದಲ್ಲಿರುವ ಚಕ್ರ ಮುಂದಕ್ಕೆ ಉರುಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಜಾಕ್ ಮೇಲಿಂದ ಜಾರುತ್ತದೆ. ಹಾಗಾಗಿ ಚಕ್ರಕ್ಕೆ ಗಟ್ಟೆ ಕೊಡುವುದನ್ನು ಮಾತ್ರ ಮರೆಯಬೇಡಿ.

ಬಿಚ್ಚುವಾಗ ಪ್ರತಿಯೊಂದಕ್ಕೂ ಫೋಟೋ ತೆಗೆಯಿರಿ, ಬೋಲ್ಟ್‌ಗಳನ್ನು ಚೀಲಕ್ಕೆ ಹಾಕಿ ಮೇಲೆ ಬರೆಯಿರಿ. ನಾನು ಸಾಧ್ಯವಾದಲ್ಲೆಲ್ಲ ಬೋಲ್ಟನ್ನು ಅದರ ತೂತಿಗೇ ಎರಡು ಸುತ್ತು ತಿರುಗಿಸಿ ಬಿಡುತ್ತೇನೆ. ಅದಕ್ಕಿಂತ ಒಳ್ಳೇ ಲೇಬಲ್ ಇಲ್ಲ.

ಹಿಡಿದುಕೊಂಡ ಬೋಲ್ಟ್‌ಗಳು

ಮೊದಲ ತಿಂಗಳು ಇದೇ ಕೆಲಸ. ಬಲ ಹಾಕಿ ಮುರಿದರೆ ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನ ಬೇಕಾಗುತ್ತದೆ. ಮೊದಲು ವೈರ್ ಬ್ರಷ್‌ನಿಂದ ಎಳೆಗಳನ್ನು ಉಜ್ಜಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ. ಮಾರನೇ ದಿನ ಮತ್ತೆ ಹಾಕಿ. ಮೂರನೇ ದಿನ ಸ್ಪಾನರ್ ಹಿಡಿಯಿರಿ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ ಮತ್ತು ಅಸಿಟೋನ್ ಸಮಪಾಲು ಬೆರೆಸಿ ಮನೆಯಲ್ಲೇ ಇಂಥ ಎಣ್ಣೆ ಮಾಡಿಕೊಳ್ಳುವವರು ಬಹಳ ಜನ ಇದ್ದಾರೆ. ಅದು ತಟ್ಟನೆ ಬೆಂಕಿ ಹತ್ತುವ ವಸ್ತು, ನೆನಪಿರಲಿ.

ಆರು ಮೂಲೆಯ ಸಾಕೆಟ್ ಬಳಸಿ. ಹನ್ನೆರಡು ಮೂಲೆಯದು ಹಳೇ ಬೋಲ್ಟ್‌ನ ತಲೆ ಸವೆಸುತ್ತದೆ. ಬಿಚ್ಚುವ ಮೊದಲು ತುಸು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಹಂದಾಡಿದ ಮೇಲೂ ಒಂದೇ ಸಮ ಎಳೆಯಬೇಡಿ. ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ. ಅಷ್ಟಕ್ಕೂ ಬಗ್ಗದಿದ್ದರೆ ನಟ್ಟನ್ನು ಕಾಯಿಸಿ. ಮುರಿದ ಸ್ಟಡ್ ತುದಿ ಮೇಲೆ ಒಂದು ನಟ್ ಇಟ್ಟು ಒಳಗೆ ವೆಲ್ಡ್ ಮಾಡಿದರೆ, ಹಿಡಿಯುವುದಕ್ಕೂ ಸಿಗುತ್ತದೆ, ಆ ಕಾವಿಗೆ ತುಕ್ಕೂ ಬಿಡುತ್ತದೆ.

ಒಂದು ಎಚ್ಚರಿಕೆ. ಕೆಲವು ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ. ಅದು ಒದ್ದೆ ಇರುವಾಗಲೇ ವೆಲ್ಡ್ ಮಾಡಿದರೆ ಅಥವಾ ಕಾಯಿಸಿದರೆ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟಬಹುದು. ಶ್ವಾಸಕೋಶ ಹಾಳಾಗಲು ಸ್ವಲ್ಪವೇ ಸಾಕು. ಕಾಯಿಸುವ ಕೆಲಸ ಇದ್ದ ದಿನ ಆ ಸ್ಪ್ರೇ ಡಬ್ಬವನ್ನು ಹತ್ತಿರವೇ ತರಬೇಡಿ.

ಬ್ರೇಕ್: ಇಲ್ಲಿ ಉಳಿತಾಯ ಬೇಡ

ವರ್ಷಗಟ್ಟಲೆ ನಿಂತ ಗಾಡಿಯ ಬ್ರೇಕ್ ಎಷ್ಟು ಚೆನ್ನಾಗಿ ಕಂಡರೂ ನಂಬಬೇಡಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಡಾಟ್ 3 ಆಯಿಲ್ ಹೊಸದರಲ್ಲಿ ಕಡಿಮೆ ಎಂದರೆ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಇಳಿಜಾರಿನಲ್ಲಿ ಆಯಿಲ್ ಕುದ್ದರೆ ಆವಿ ತುಂಬಿ ಪೆಡಲ್ ನೆಲಕ್ಕೆ ಹೋಗುತ್ತದೆ. ಜೊತೆಗೆ ಆ ನೀರೇ ಸಿಲಿಂಡರ್‌ಗಳನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ.

ನನ್ನ ಪಟ್ಟಿ ಹೀಗಿದೆ: ಎಲ್ಲ ರಬ್ಬರ್ ಹೋಸ್‌ಗಳು ಹೊಸವು. ಎಲ್ಲ ವೀಲ್ ಸಿಲಿಂಡರ್ (ಚಕ್ರದೊಳಗೆ ಬ್ರೇಕ್ ಶೂ ತಳ್ಳುವ ಭಾಗ) ಹೊಸವು. ತುಕ್ಕು ಹಿಡಿದ ಕಬ್ಬಿಣದ ಪೈಪ್ ಬದಲು ತಾಮ್ರ-ನಿಕಲ್ ಪೈಪ್, ಅದು ಬಾಗಿಸಲೂ ಸುಲಭ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಬಿಚ್ಚಿ ಒಳಗೆ ಉಗುರಿಗೆ ಸಿಗುವ ಗುಂಡಿ ಕಂಡರೆ ಅದೂ ಹೊಸದೇ.

ಡ್ರಮ್ ಬರುತ್ತಿಲ್ಲವೇ? ಬಡಿಯುವ ಮುಂಚೆ ಹಿಂದಿನ ಪ್ಲೇಟಿನ ತೂತಿನಿಂದ ಅಡ್ಜಸ್ಟರ್ ಹಲ್ಲನ್ನು ತಿರುಗಿಸಿ ಶೂ ಒಳಕ್ಕೆ ಎಳೆದುಕೊಳ್ಳಿ. ಡ್ರಮ್ ಒಳಗಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಬಿಡಿ.

ಈಗ ಬ್ರೇಕ್ ಪೈಪ್‌ಗಳೊಳಗಿನ ಗಾಳಿ ತೆಗೆಯುವುದು. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ್ದಕ್ಕೆ ಬರಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರದ ಗಾಳಿ ಬಿಡುವ ನಿಪ್ಪಲ್ ಬಿಚ್ಚಿ, ಆಯಿಲ್ ಬಂದ ಮೇಲೆ ಮುಚ್ಚಬೇಕು. ಮುಚ್ಚಿದ ಮೇಲೇ ಪೆಡಲ್ ಬಿಡಬೇಕು. ಹಳೇ ಮಾಸ್ಟರ್ ಸಿಲಿಂಡರ್ ಉಳಿಸಿಕೊಂಡಿದ್ದರೆ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಪೂರ್ತಿ ನೆಲಕ್ಕೆ ಒತ್ತಿದರೆ ಒಳಗಿನ ರಬ್ಬರ್ ಇಷ್ಟು ವರ್ಷ ಮುಟ್ಟದ ತುಕ್ಕಿನ ಜಾಗಕ್ಕೆ ಉಜ್ಜಿ ಹರಿಯುತ್ತದೆ.

ಎಷ್ಟು ಗಾಳಿ ತೆಗೆದರೂ ಹಿಂದಿನ ಬ್ರೇಕ್ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಒಂದು ಮಾತು. ಬಹಳ ಪಿಕಪ್‌ಗಳಲ್ಲಿ ಹಿಂದಿನ ಎಕ್ಸಲ್ ಹತ್ತಿರ ಒಂದು ವಾಲ್ವ್ ಇರುತ್ತದೆ, ಅದಕ್ಕೊಂದು ಸರಳು ಜೋಡಿಸಿರುತ್ತದೆ. ಲೋಡ್ ಜಾಸ್ತಿಯಾಗಿ ಸ್ಪ್ರಿಂಗ್ ತಗ್ಗಿದಾಗ ಹಿಂದಿನ ಬ್ರೇಕ್‌ಗೆ ಒತ್ತಡ ಜಾಸ್ತಿ ಬಿಡುವುದು ಅದರ ಕೆಲಸ. ಚಾಸಿ ಎತ್ತಿ ಎಕ್ಸಲ್ ಜೋತಾಡುತ್ತಿದ್ದರೆ ಅದು ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಕ್ಕೆ ಒತ್ತಡ ತಗ್ಗಿಸುತ್ತದೆ. ಸ್ಟ್ಯಾಂಡ್‌ಗಳನ್ನು ಎಕ್ಸಲ್ ಕೆಳಗೆ ಕೊಟ್ಟು, ತೂಕ ಸ್ಪ್ರಿಂಗ್ ಮೇಲೆ ಬಿದ್ದಾಗ ಗಾಳಿ ತೆಗೆಯಿರಿ.

ಸ್ಟೀರಿಂಗ್ ಮತ್ತು ಲೀಫ್ ಸ್ಪ್ರಿಂಗ್

ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಇದ್ದರೆ ವೀಲ್ ಬೇರಿಂಗ್, ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್. ಯಾರಾದರೂ ಬ್ರೇಕ್ ಒತ್ತಿ ಹಿಡಿದಾಗ ಆಟ ಹೋದರೆ ಬೇರಿಂಗ್‌ದೇ ತಪ್ಪು. ಎಡಬಲ ಅಲುಗಿದರೆ ಟೈ ರಾಡ್ ತುದಿಗಳನ್ನು ನೋಡಿ.

ಲೀಫ್ ಬಿಚ್ಚಿದರೆ ಯು ಬೋಲ್ಟ್‌ಗಳನ್ನು ಮತ್ತೆ ಹಾಕಬೇಡಿ. ಒಮ್ಮೆ ಎಳೆದ ಯು ಬೋಲ್ಟ್ ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ರಬ್ಬರ್ ಬುಷ್‌ಗಳ ಬೋಲ್ಟನ್ನು ಗಾಡಿ ನೆಲಕ್ಕಿಳಿದ ಮೇಲೇ ಕೊನೆಯ ಬಿಗಿ ಮಾಡಿ. ಗಾಳಿಯಲ್ಲಿ ತೂಗಾಡುವಾಗ ಬಿಗಿ ಮಾಡಿದರೆ, ಇಳಿಸಿದ ತಕ್ಷಣ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಬೇಗ ಹರಿಯುತ್ತದೆ.

ಟೈರ್ ಹಲ್ಲು ಇದೆ ಅಂತ ಸಮಾಧಾನಪಡಬೇಡಿ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. 2319 ಅಂದರೆ 2019ರ 23ನೇ ವಾರ. ಹತ್ತು ವರ್ಷ ದಾಟಿದ ಟೈರ್ ಹೊಸದರ ಹಾಗೆ ಕಂಡರೂ ಕಿತ್ತುಹಾಕಿ.

ಎಂಜಿನ್ ಎಬ್ಬಿಸುವುದು

ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆಯುವುದು ಮಾಡಲೇಬಾರದ ಕೆಲಸ. ನಿಂತ ಎಂಜಿನ್‌ನಲ್ಲಿ ರಿಂಗ್‌ಗಳು ಸಿಲಿಂಡರ್‌ಗೆ ಅಂಟಿರಬಹುದು. ಸ್ಪಾರ್ಕ್ ಪ್ಲಗ್ ತೆಗೆದು, ಡೀಸೆಲ್ ಆದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೆಗೆದು, ಪ್ರತಿ ಸಿಲಿಂಡರ್‌ಗೂ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಡಿ. ಒಂದು ರಾತ್ರಿ ಕಾಯಿರಿ. ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸಾಕೆಟ್ ಹಾಕಿ ಕೈಯಲ್ಲಿ ತಿರುಗಿಸಿ. ಎರಡು ಪೂರ್ತಿ ಸುತ್ತು ಸಲೀಸಾಗಿ ಬಂದರೆ ಒಳ್ಳೇ ಸುದ್ದಿ. ತಡೆದರೆ ಬಲ ಹಾಕಬೇಡಿ, ಇನ್ನೂ ಆಯಿಲ್ ಬಿಟ್ಟು ಇನ್ನೂ ಕೆಲವು ದಿನ ಕಾಯಿರಿ.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಸ್ಟಾರ್ಟ್ ಮಾಡುವ ಮುಂಚೆಯೇ ಹೊಸದು ಹಾಕಿ. ಹಳೇ ಬೆಲ್ಟ್ ಹರಿದರೆ ಬಹಳ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಗುದ್ದುತ್ತದೆ. ಹಳೇ ಪೆಟ್ರೋಲ್ ಗೋಂದಿನಂತಾಗಿ ಕಾರ್ಬ್ಯುರೇಟರ್ ತೂತುಗಳನ್ನು ಮುಚ್ಚುತ್ತದೆ. ಡೀಸೆಲ್ ಟ್ಯಾಂಕಿನಲ್ಲಿ ನೀರು ಸೇರಿ, ಆ ನೀರಿನಲ್ಲಿ ಸೂಕ್ಷ್ಮಜೀವಿ ಬೆಳೆದು ಕಪ್ಪು ಲೋಳೆಯಾಗುತ್ತದೆ. ಟ್ಯಾಂಕ್ ಇಳಿಸಿ ತೊಳೆಯಿರಿ. ತೂತಾದ ಟ್ಯಾಂಕನ್ನು ಮನೆಯಲ್ಲಿ ವೆಲ್ಡ್ ಮಾಡಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು.

ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಒತ್ತಿಕೊಳ್ಳುವ ಒತ್ತಡ, ನೋಡುವುದು ಒಳ್ಳೇದು. ಪೆಟ್ರೋಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ 120ರಿಂದ 180 ಪಿಎಸ್‌ಐ ಬರುತ್ತದೆ. ಡೀಸೆಲ್‌ನಲ್ಲಿ 300 ದಾಟುತ್ತದೆ, ಅದಕ್ಕೆ ಬೇರೆಯದೇ ಗೇಜ್ ಬೇಕು. ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಪೆಟ್ರೋಲ್ ಎಂಜಿನ್‌ನಲ್ಲಿ ಒಂದು ಸಿಲಿಂಡರ್ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಬೇಕು.

ಆಯಿಲ್, ಫಿಲ್ಟರ್, ಕೂಲೆಂಟ್, ಎಲ್ಲ ಹೋಸ್, ಥರ್ಮೋಸ್ಟಾಟ್ ಹೊಸದು ಹಾಕಿದ ಮೇಲೆ ಪ್ಲಗ್‌ಗಳಿಲ್ಲದೆ ಸೆಲ್ಫ್ ತಿರುಗಿಸಿ. ಆಯಿಲ್ ಪ್ರೆಷರ್ ದೀಪ ಆರಿದ ಮೇಲೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಡೀಸೆಲ್ ಆದರೆ ಹ್ಯಾಂಡ್ ಪಂಪ್ ಒತ್ತಿ ಫಿಲ್ಟರ್ ತನಕ ಗಾಳಿ ತೆಗೆಯಬೇಕು. ಹತ್ತಿರದಲ್ಲಿ ಗಾಳಿ ಒಳಗೆ ಹೋಗುವ ಬಾಯಿ ಮುಚ್ಚುವಷ್ಟು ಅಗಲದ ಹಲಗೆ ಇಟ್ಟುಕೊಳ್ಳಿ. ಹಳೇ ಡೀಸೆಲ್ ಎಂಜಿನ್ ಕೆಲವೊಮ್ಮೆ ಕೈಗೆ ಸಿಗದೆ ರೇಸ್ ಏರಿಸಿಕೊಂಡು ಹೋಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಗಾಳಿ ಕಟ್ಟಿದರೆ ನಿಲ್ಲುತ್ತದೆ. ಅಂಗೈ ಮಾತ್ರ ಅಡ್ಡ ಹಿಡಿಯಬೇಡಿ. ಹಾಗೇ, ಓಡುವ ಡೀಸೆಲ್‌ನ ಇಂಜೆಕ್ಟರ್ ಸೋರುವಿಕೆಯನ್ನು ಬೆರಳಿನಿಂದ ಹುಡುಕಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ನಾಲ್ಕು ಚಕ್ರದ ಕಥೆ

ಮಾಮೂಲಿ ಗಾಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ. ನನಗೆ ಇಷ್ಟದ ಭಾಗವೂ ಇದೇ.

ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್, ಹೀಗೆ ನಾಲ್ಕು ಕಡೆ ಆಯಿಲ್ ಇರುತ್ತದೆ. ಪ್ರತಿಯೊಂದರಲ್ಲೂ ಮೊದಲು ತುಂಬುವ ಬಾಯಿಯ ಪ್ಲಗ್ ಬಿಚ್ಚಿ, ಆಮೇಲೆ ಕೆಳಗಿನದು. ಉಲ್ಟಾ ಮಾಡಿ, ಆಯಿಲ್ ಎಲ್ಲ ಸುರಿದ ಮೇಲೆ ಮೇಲಿನ ಪ್ಲಗ್ ಬರಲೇ ಇಲ್ಲ ಅಂದರೆ ಗಾಡಿ ಅಲ್ಲೇ ಕೂರುತ್ತದೆ.

ಬಂದ ಆಯಿಲ್ ನೋಡಿ. ಹಾಲು ಬೆರೆತ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ಮ್ಯಾಗ್ನೆಟ್ ಪ್ಲಗ್ ಮೇಲೆ ಬೂದಿಯಂಥ ನುಣುಪು ಪುಡಿ ಇದ್ದರೆ ಸಹಜ ಸವೆತ, ಚೂರುಗಳು ಇದ್ದರೆ ಕವರ್ ಬಿಚ್ಚಲೇಬೇಕು. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಗೇರ್ ಆಯಿಲ್. ಹಳೇ ಮ್ಯಾನ್ಯುಯಲ್ ಗೇರ್‌ಬಾಕ್ಸ್‌ನಲ್ಲಿ ಹಿತ್ತಾಳೆಯ ಸಿಂಕ್ರೋ ರಿಂಗ್ ಇದ್ದರೆ ಜಿಎಲ್-4. ಜಿಎಲ್-5ರ ಕೆಲವು ರಾಸಾಯನಿಕಗಳು ಹಿತ್ತಾಳೆಯನ್ನು ತಿನ್ನುತ್ತವೆ. ಮ್ಯಾನ್ಯುಯಲ್ ಪುಸ್ತಕ ಏನು ಹೇಳುತ್ತದೋ ಅದೇ ಕೊನೆ ಮಾತು.

ಎಕ್ಸಲ್ ಒಳಗೆ ನೀರು ಎಲ್ಲಿಂದ ಬಂತು? ಎಕ್ಸಲ್ ಮೇಲೆ ಬೆರಳ ತುದಿಯಷ್ಟು ದೊಡ್ಡ ಬ್ರೀದರ್ ಇರುತ್ತದೆ. ಅದು ಕೆಸರಿನಿಂದ ಮುಚ್ಚಿಹೋದರೆ ಒಳಗಿನ ಗಾಳಿಗೆ ದಾರಿ ಇರುವುದಿಲ್ಲ. ಓಡಿ ಬಿಸಿಯಾದ ಎಕ್ಸಲ್ ಹಳ್ಳದ ನೀರಿಗೆ ಇಳಿದಾಗ ತಟ್ಟನೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಸೀಲ್ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಬರೀ ಸೀಲ್ ಬದಲಾಯಿಸಿದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ, ಅಲ್ವಾ? ಬ್ರೀದರ್ ಬಿಚ್ಚಿ ತೊಳೆಯಿರಿ. ಒಂದು ರಬ್ಬರ್ ಪೈಪ್ ಜೋಡಿಸಿ ಎಂಜಿನ್ ಕೋಣೆಯ ಎತ್ತರಕ್ಕೆ ತಂದರೆ ಇನ್ನೂ ಒಳ್ಳೇದು.

ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮುಂಚೆ ಎಲ್ಲ ಜೋಡಣೆಗೂ ಪಂಚ್‌ನಿಂದ ಗುರುತು ಹಾಕಿ, ನಡುವೆ ಜಾರುವ ಜಾಗಕ್ಕೂ. ಸಾಮಾನ್ಯ ಶಾಫ್ಟ್‌ನ ಎರಡೂ ತುದಿಯ ಯೋಕ್‌ಗಳು (ಕ್ರಾಸ್ ಜಾಯಿಂಟ್ ಹಿಡಿಯುವ ಕವಲುಗಳು) ಒಂದೇ ಸಾಲಿನಲ್ಲಿರಬೇಕು. ಒಂದು ಹಲ್ಲು ತಪ್ಪಿ ಕೂತರೂ ವೇಗ ಏರಿದಾಗ ಗಾಡಿ ನಡುಗುತ್ತದೆ. ಗೇರ್ ಹಾಕಿ ಕ್ಲಚ್ ಬಿಟ್ಟಾಗ ಟಕ್ ಅನ್ನುವ ಸದ್ದು ಬಹಳ ಸಲ ಈ ಕ್ರಾಸ್ ಜಾಯಿಂಟ್‌ದೇ.

ಮುಂದಿನ ಚಕ್ರವನ್ನು ಎಕ್ಸಲ್‌ಗೆ ಜೋಡಿಸುವ, ಬಿಡಿಸುವ ಫ್ರೀ ವೀಲ್ ಹಬ್‌ಗಳನ್ನು ಬಿಚ್ಚಿ ಹಳೇ ಗ್ರೀಸ್ ಪೂರ್ತಿ ತೊಳೆಯಿರಿ. ಬೇರಿಂಗ್‌ಗೆ ಗ್ರೀಸ್ ತುಂಬಬೇಕು, ಹಬ್ ಒಳಗೆ ತೆಳ್ಳಗೆ ಸವರಿದರೆ ಸಾಕು. ಅಲ್ಲೂ ತುಂಬಿದರೆ ಲಾಕ್ ಆಗುವ ಹಲ್ಲುಗಳು ಅಂಟಿಕೊಂಡು ಅರ್ಧಕ್ಕೇ ಕಚ್ಚುತ್ತವೆ. ಅರ್ಧ ಕಚ್ಚಿದ ಹಲ್ಲು ಲೋಡ್ ಬಿದ್ದಾಗ ಮುರಿಯುತ್ತದೆ.

ಯಾರೋ ಹಿಂದೆ ಒಂದು ಎಕ್ಸಲ್ ಬದಲಾಯಿಸಿರಬಹುದು. ಹಾಗಾಗಿ ಎರಡರ ರೇಶಿಯೋ, ಅಂದರೆ ಎರಡೂ ಚಕ್ರ ಒಂದು ಸುತ್ತು ಬರಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕ, ಒಂದೇ ಇದೆಯೇ ನೋಡಲೇಬೇಕು. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಫೋರ್ ವೀಲ್ ಬಿಡಿಸಿ, ಒಂದು ಚಕ್ರ ಮಾತ್ರ ಎತ್ತಿ. ಅದನ್ನು ಪೂರ್ತಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತು ತಿರುಗಿತು ಎಣಿಸಿ. ಒಂದೇ ಚಕ್ರದ ಎರಡು ಸುತ್ತು ಎರಡೂ ಚಕ್ರದ ಒಂದು ಸುತ್ತಿಗೆ ಸಮ. ನಾಲ್ಕಕ್ಕಿಂತ ಚೂರು ಜಾಸ್ತಿ ಬಂದರೆ ರೇಶಿಯೋ 4.1ರ ಸುಮಾರು. ಮುಂದೆಯೂ ಹಿಂದೆಯೂ ಒಂದೇ ಬರಬೇಕು. ಮುಂದಿನದನ್ನು ನೋಡುವಾಗ ಎರಡೂ ಹಬ್ ಲಾಕ್ ಮಾಡಿರಿ. ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಈ ಉಪಾಯ ನಡೆಯುವುದಿಲ್ಲ, ಎರಡೂ ಚಕ್ರ ಎತ್ತಿ ಒಟ್ಟಿಗೆ ಒಂದು ಸುತ್ತು ತಿರುಗಿಸಬೇಕು.

ವೈರಿಂಗ್

ಹಳೇ ಗಾಡಿಯ ಕರೆಂಟ್ ತೊಂದರೆಗಳಲ್ಲಿ ಬಹಳಷ್ಟು ಅರ್ಥ್ ಸರಿ ಇಲ್ಲದ್ದರಿಂದಲೇ. ಬ್ಯಾಟರಿಯಿಂದ ಎಂಜಿನ್‌ಗೆ, ಎಂಜಿನ್‌ನಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ ಹೋಗುವ ಪಟ್ಟಿಗಳನ್ನು ಬಿಚ್ಚಿ, ಕಬ್ಬಿಣ ಹೊಳೆಯುವ ಹಾಗೆ ಉಜ್ಜಿ ಬಿಗಿ ಮಾಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ನೆಗೆಟಿವ್ ಮತ್ತು ಎಂಜಿನ್ ಬ್ಲಾಕ್ ನಡುವೆ ಮೀಟರ್ ಹಿಡಿಯಿರಿ. 0.2 ವೋಲ್ಟ್‌ಗಿಂತ ಬಹಳ ಜಾಸ್ತಿ ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತಡೆ ಇದೆ. 12 ವೋಲ್ಟ್ ಗಾಡಿಯಲ್ಲಿ ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ಬಂದರೆ ಆಲ್ಟರ್ನೇಟರ್ ಸರಿ ಇದೆ. ಫ್ಯೂಸ್ ಸುಡುತ್ತಿದೆ ಅಂತ ದೊಡ್ಡ ಫ್ಯೂಸ್ ಹಾಕಬೇಡಿ. ಸುಡುವ ಸರದಿ ಆಗ ವೈರ್‌ದು.

ತುಕ್ಕು, ಟಿಂಕರಿಂಗ್, ಬಣ್ಣ

ತುಕ್ಕಿನ ಮೇಲೆ ಪುಟ್ಟಿ ಮೆತ್ತಿದರೆ ಒಂದು ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ. ಬಾಡಿ ತಗಡು ಒಂದು ಮಿ.ಮೀ. ಸುಮಾರು ಇರುತ್ತದೆ, ಅದಕ್ಕೆ 0.6 ಅಥವಾ 0.8 ಮಿ.ಮೀ. ವೈರ್‌ನ ಮಿಗ್ ವೆಲ್ಡಿಂಗ್ ಸರಿ. ಉದ್ದಕ್ಕೆ ಎಳೆಯಬೇಡಿ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು, ತಣಿಯಲು ಬಿಟ್ಟು ತುಂಬುತ್ತ ಬನ್ನಿ. ಇಲ್ಲದಿದ್ದರೆ ತಗಡು ಅಲೆಯಂತೆ ಸುಕ್ಕಾಗುತ್ತದೆ. ವೆಲ್ಡ್ ಮಾಡುವ ಮುಂಚೆ ಬ್ಯಾಟರಿ ಕಳಚಿ. ಚಾಸಿಯ ವೆಲ್ಡಿಂಗ್ ಬೇರೆ ಮಾತು. ಅಲ್ಲಿ ಜೀವ ನಿಂತಿದೆ, ಅನುಭವಸ್ಥರಿಗೆ ಬಿಡಿ. ನಾನಂತೂ ಬಿಟ್ಟೆ.

ಸಣ್ಣ ಬಿಡಿಭಾಗಗಳಿಗೆ ಎಲೆಕ್ಟ್ರೋಲಿಸಿಸ್ ಬಹಳ ಚೆನ್ನ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ವಾಷಿಂಗ್ ಸೋಡಾ ಕಲಸಿದ ನೀರು, ಬ್ಯಾಟರಿ ಚಾರ್ಜರ್‌ನ ನೆಗೆಟಿವ್ ತುಕ್ಕಿನ ಭಾಗಕ್ಕೆ, ಪಾಸಿಟಿವ್ ಒಂದು ಹಳೇ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಸ್ಟೇನ್‌ಲೆಸ್ ಸ್ಟೀಲ್ ತುಂಡು ಬಳಸಬೇಡಿ, ನೀರಿಗೆ ವಿಷದ ಕ್ರೋಮಿಯಂ ಬಿಡುತ್ತದೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ, ಬಯಲಿನಲ್ಲೇ ಮಾಡಿ, ಬೆಂಕಿ ದೂರ ಇರಲಿ.

ಬರಿ ಕಬ್ಬಿಣಕ್ಕೆ ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಲರ್, ಆಮೇಲೆ ಬಣ್ಣ. ಚಾಸಿ ತೊಲೆಯೊಳಗೆ ಉದ್ದ ನಳಿಕೆಯಿಂದ ಮೇಣ ಸಿಂಪಡಿಸಿ. ನೀರು ಇಳಿಯುವ ತೂತುಗಳನ್ನು ಮುಚ್ಚಬೇಡಿ.

ಮೊದಲ ಓಟ

ಖಾಲಿ ಜಾಗದಲ್ಲಿ, ನಡಿಗೆಯ ವೇಗದಲ್ಲಿ ಹತ್ತು ಸಲ ಬ್ರೇಕ್ ಒತ್ತಿ. ಒಂದು ಕಡೆ ಎಳೆಯುತ್ತಿದೆಯೇ ನೋಡಿ. ಹತ್ತು ನಿಮಿಷ ಓಡಿಸಿ ಇಳಿದು, ಕೈಯನ್ನು ನಾಲ್ಕೂ ಹಬ್‌ಗಳ ಹತ್ತಿರ ತನ್ನಿ. ಒಂದು ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಬಿಗಿಯಾಗಿದೆ.

ಫೋರ್ ವೀಲ್ ಪರೀಕ್ಷೆ ಮಣ್ಣು ಅಥವಾ ಜಲ್ಲಿ ಮೇಲೇ ಆಗಲಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಪಾರ್ಟ್ ಟೈಮ್ ಫೋರ್ ವೀಲ್‌ನಲ್ಲಿ (ಬೇಕಾದಾಗ ಮಾತ್ರ ಲಿವರ್ ಎಳೆದು ಹಾಕುವಂಥದ್ದು) ಎರಡೂ ಶಾಫ್ಟ್ ಒಂದಕ್ಕೊಂದು ಬಿಗಿದಿರುತ್ತವೆ. ಮಣ್ಣಿನಲ್ಲಿ ಚಕ್ರ ಜಾರಿ ಹೊಂದಿಕೊಳ್ಳುತ್ತದೆ. ಒಣಗಿದ ಡಾಂಬರಿನಲ್ಲಿ ಜಾರಲು ಆಗದೆ ಆ ತಿರುಚು ಗೇರ್‌ಗಳ ಮೇಲೇ ಬೀಳುತ್ತದೆ. ಲಿವರ್ ವಾಪಸ್ ಬರದೆ ಹಿಡಿದುಕೊಂಡರೆ ಸ್ವಲ್ಪ ದೂರ ನೇರ ಹಿಂದಕ್ಕೆ ಓಡಿಸಿ, ಬಿಡುತ್ತದೆ.

ಮೊದಲ 100 ಕಿ.ಮೀ. ಆದ ಮೇಲೆ ಚಕ್ರದ ನಟ್, ಯು ಬೋಲ್ಟ್, ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಎಲ್ಲ ಟಾರ್ಕ್ ರೆಂಚ್‌ನಿಂದ ಮತ್ತೆ ನೋಡಿ. 500 ಕಿ.ಮೀ.ಗೆ ಎಂಜಿನ್ ಆಯಿಲ್ ಮತ್ತೆ ಬದಲಾಯಿಸಿ. ನಿಲ್ಲಿಸಿದ ಕಡೆ ರಾತ್ರಿ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಯಾವ ಬಣ್ಣದ ಹನಿ ಎಲ್ಲಿ ಬಿದ್ದಿದೆ ನೋಡಿದರೆ ಮುಂದಿನ ಭಾನುವಾರದ ಕೆಲಸ ಯಾವುದು ಅಂತ ಗೊತ್ತಾಗುತ್ತದೆ.